ಬೆನ್ನ ಮೇಲಿನ ಹಳದಿ ಕೈ

ಗುಳೇದಗುಡ್ಡದ ಸುಂದರವ್ವ ಟೀಚರ್ ಯಾರನ್ನೂ ಸುಮ್ಮನೆ ನಂಬುವವಳಲ್ಲ. ಹಾಲಿನವನು ಹಾಲು ಹಾಕಿ ಸೈಕಲ್ ಹತ್ತುವ ಮೊದಲೇ ಪಾತ್ರೆಯಲ್ಲಿ ಬೆರಳು ಅದ್ದಿ ನೋಡಿರುತ್ತಾಳೆ. ಕಂಡಕ್ಟರ್ ಬಾಯಿ ತೆರೆದು ಬಾದಾಮಿ, ಬಾದಾಮಿ ಎಂದು ಕೂಗುತ್ತಿದ್ದರೂ ಈಕೆ ಬಸ್ಸಿನ ಬೋರ್ಡು ಓದಬೇಕು, ಡ್ರೈವರನನ್ನು ಕೇಳಬೇಕು, ಅಷ್ಟಾದರೂ ಸಮಾಧಾನವಾಗದೆ ಒಳಗೆ ಕೂತ ಯಾವಳೋ ಮುದುಕಿಯನ್ನು ಕೇಳಿ ಖಾತ್ರಿ ಮಾಡಿಕೊಂಡೇ ಕಾಲಿಡಬೇಕು. ಗಂಡ ದುರ್ಗಪ್ಪ ಸರಕಾರಿ ಕಚೇರಿಯಲ್ಲಿ ಕಾರಕೂನನಾಗಿ ನಿವೃತ್ತನಾದವನು, ಪಾಪದ ಮನುಷ್ಯ. ಮೂವತ್ತು ವರ್ಷ ಈ ಹೆಂಗಸಿನ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೊಟ್ಟು ಅವನಿಗೂ ಚೂರು ನಾಲಿಗೆ ಬಂದಿತ್ತು.

"ನಿನ್ನ ನೆಳ್ಳ ನಿನ್ನ ಹಿಂದ ಬಂದ್ರೂ ಎದಕ ಬರಾಕತ್ತೀ ಅಂತ ನಿಂದರಿಸಿ ಕೇಳಾಕಿ ನೀ" ಎನ್ನುತ್ತಿದ್ದ.

"ಕೇಳಿದ್ರ ಏನ ತಪ್ಪ? ಬರೂದ್ಯಾಕ ಮತ್ತ ಅದು?" ಎನ್ನುತ್ತಿದ್ದಳು ಸುಂದರವ್ವ.

ಈ ಗುಣ ಅವಳಿಗೆ ಎಲ್ಲಿಂದ ಬಂತೆಂದರೆ ಮಗ್ಗದಿಂದ. ಅವಳು ಹುಟ್ಟಿ ಬೆಳೆದದ್ದು ಕುಪ್ಪಸದ ಖಣ ನೇಯುವವರ ಮನೆಯಲ್ಲಿ. ನಡುಮನೆಯಲ್ಲೇ ಮಗ್ಗ, ಅದರ ಸದ್ದಿನಲ್ಲೇ ಊಟ, ಅದರ ಸದ್ದಿನಲ್ಲೇ ನಿದ್ದೆ. ಅಪ್ಪ ನೇಯ್ದ ಬಟ್ಟೆಯನ್ನು ಎಂಟು ವರ್ಷದ ಮಗಳ ಕೈಗೆ ಕೊಟ್ಟು, "ಮಾರಿ ನೋಡಬ್ಯಾಡವಾ, ಬೆನ್ನ ನೋಡ. ಎಳಿ ತಪ್ಪಿದ್ದು ಬೆನ್ನಾಗ ಸಿಗತೈತಿ" ಎನ್ನುತ್ತಿದ್ದ. ಅವಳು ಬಟ್ಟೆ ತಿರುವಿ ಹಿಡಿದು ಕಿಟಕಿಯ ಬೆಳಕಿಗೆ ಒಂದೊಂದೇ ಎಳೆ ನೋಡುವಳು. ತಪ್ಪು ಸಿಕ್ಕರೆ ಅಪ್ಪನಿಗೆ ಬೇಸರ, ಮಗಳಿಗೆ ಹಬ್ಬ. ಅವತ್ತಿನಿಂದ ಇವತ್ತಿನ ತನಕ ಅವಳು ಮನುಷ್ಯರನ್ನೂ ತಿರುವಿ ಹಾಕಿಯೇ ನೋಡುತ್ತ ಬಂದಳು. ಮನೆಯಲ್ಲಿ ಇದೊಂದು ಪೀಡೆ. ಆದರೆ ಒಂದು ಜಾಗದಲ್ಲಿ ಮಾತ್ರ ಇದೇ ಪೀಡೆಗೆ ಜನ ಕೈ ಮುಗಿಯುತ್ತಿದ್ದರು. ಅದು ಸಾಫ್ಟ್‌ಬಾಲ್ ಮೈದಾನ.

ಹೌದು, ನಮ್ಮ ಕಡೆ ಹುಡುಗಿಯರು ಸಾಫ್ಟ್‌ಬಾಲ್ ಆಡುತ್ತಾರೆ. ಮೂಗು ಮುರಿಯಬೇಡಿ. ಕೈಚೀಲದಂಥ ಗ್ಲೌಸು ಹಾಕಿಕೊಂಡು, ದಪ್ಪ ಚೆಂಡು ಎಸೆದು, ದುಂಡು ಬ್ಯಾಟಿನಿಂದ ಹೊಡೆದು, ನಾಲ್ಕು ಮೂಲೆಯ ನಾಲ್ಕು ಬೇಸು ಸುತ್ತಿ ಹೊರಟ ಜಾಗಕ್ಕೇ, ಅಂದರೆ ಮನೆಗೆ, ಬಂದರೆ ಒಂದು ಓಟ. ಸುಂದರವ್ವ ಹೈಸ್ಕೂಲಿನ ಪಿ.ಟಿ. ಟೀಚರ್, ಜಿಲ್ಲೆಯ ಶಾಲಾ ಪಂದ್ಯಗಳಿಗೆ ಇಪ್ಪತ್ತಾರು ವರ್ಷದಿಂದ ಅಂಪೈರ್. ಕಾಲೇಜಿನಲ್ಲಿ ಆಡುವಾಗ ಒಂದು ಚೆಂಡು ಬಡಿದು ಬಲಗೈ ಕಿರುಬೆರಳು ಮುರಿದು, ಸೊಟ್ಟಗೆ ಕೂಡಿಕೊಂಡಿತ್ತು. ಮುಷ್ಟಿ ಕಟ್ಟಿದರೆ ಉಳಿದ ಬೆರಳು ಒಳಗೆ, ಅದೊಂದು ಹೊರಗೆ. ಔಟ್ ಕೊಡಲು ಅಂಪೈರ್ ಮುಷ್ಟಿ ಎತ್ತಬೇಕಲ್ಲ, ಇವಳು ಎತ್ತಿದಾಗ ಕಿರುಬೆರಳೂ ಜೊತೆಗೆ ಎದ್ದು ನಿಲ್ಲುತ್ತಿತ್ತು. ಸುಂದರವ್ವನ ಕಿರುಬೆರಳು ಎದ್ದಿತೆಂದರೆ ಮುಗಿಯಿತು, ಬ್ರಹ್ಮ ಬಂದರೂ ಅದು ಇಳಿಯುವುದಿಲ್ಲ ಎಂದು ಹುನಗುಂದದಿಂದ ಬಾದಾಮಿಯವರೆಗೆ ಪಿ.ಟಿ. ಮಾಸ್ತರರೆಲ್ಲ ಹೇಳುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಸಲವೂ ಇಳಿದಿರಲಿಲ್ಲ.

ಆಟದ ಎಲ್ಲ ನಿಯಮಗಳಲ್ಲಿ ಅವಳಿಗೆ ಪ್ರೀತಿಯ ನಿಯಮ ಒಂದಿತ್ತು. ಬ್ಯಾಟಿಂಗ್ ತಂಡದ ಕೋಚು ಮೂರನೇ ಬೇಸಿನ ಪಕ್ಕ ನಿಂತು ಓಡುವ ಹುಡುಗಿಗೆ ಓಡು, ನಿಲ್ಲು, ಹಿಂದೆ ಹೋಗು ಎಂದು ಏನು ಬೇಕಾದರೂ ಕೂಗಬಹುದು. ಗಂಟಲು ಹರಿಯುವಷ್ಟು ಕೂಗಲಿ. ಆದರೆ ಚೆಂಡು ಆಟದಲ್ಲಿದ್ದಾಗ ಕೈ ಹಚ್ಚಿ ತಳ್ಳಿದರೆ, ಎಳೆದರೆ, ತಡೆದು ನಿಲ್ಲಿಸಿದರೆ ಹುಡುಗಿ ಔಟ್. ಪ್ರತಿ ಪಂದ್ಯಕ್ಕೆ ಮೊದಲು ಸುಂದರವ್ವ ಕೋಚುಗಳನ್ನು ಸಾಲಾಗಿ ನಿಲ್ಲಿಸಿ, "ಬಾಯಿ ನಿಮ್ದು, ಕೈ ನಿಮ್ದಲ್ಲ" ಎಂದು ಹೇಳಿಯೇ ಆಟ ಶುರುಮಾಡುತ್ತಿದ್ದಳು. ಕೈ ಕಳ್ಳತನ ಮಾಡುವ ಅಂಗ ಎಂಬುದು ಅವಳ ಗಟ್ಟಿ ನಂಬಿಕೆ.

ಹೋದ ವರ್ಷ ಬಾದಾಮಿಯ ಪಂದ್ಯದಲ್ಲಿ ಗುಡೂರಿನ ಕೋಚು ಅಮಸಿದ್ದಪ್ಪ ಇದೇ ನಿಯಮಕ್ಕೆ ಸಿಕ್ಕಿಬಿದ್ದಿದ್ದ. ಮೂರನೇ ಬೇಸು ದಾಟಿ ಹೋಗುತ್ತಿದ್ದ ಹುಡುಗಿಯ ಮೊಣಕೈ ಹಿಡಿದು ಹಿಂದಕ್ಕೆಳೆದಿದ್ದ. ಕಿರುಬೆರಳು ಎದ್ದಿತು, ಗುಡೂರು ಸೋತಿತು. ಅಮಸಿದ್ದಪ್ಪ ಜಗಳ ಮಾಡಲಿಲ್ಲ, ಗೊಣಗಲಿಲ್ಲ, ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೋದ. ಅದೇ ಸುಂದರವ್ವನಿಗೆ ಅನುಮಾನ ಹುಟ್ಟಿಸಿತು. ಬೈದು ಹೋದವನು ಬೈದು ಹಗುರಾದ. ಸುಮ್ಮನೆ ಹೋದವನು ಮನಸ್ಸಿನಲ್ಲಿ ಏನೋ ಗಂಟು ಕಟ್ಟಿಕೊಂಡೇ ಹೋಗಿರುತ್ತಾನೆ ಎಂದು ವರ್ಷವಿಡೀ ಅಂದುಕೊಂಡಿದ್ದಳು.

ಈ ವರ್ಷ ಜಿಲ್ಲಾ ಫೈನಲ್ಲಿಗೆ ಅದೇ ಅಮಸಿದ್ದಪ್ಪನ ಗುಡೂರು ಬಂತು. ಎದುರಿಗೆ ಇಳಕಲ್ಲಿನ ತಂಡ. ಬಾಗಲಕೋಟೆ ನವನಗರದ ಮೈದಾನ, ಬೆಳಗ್ಗೆ ಹತ್ತೂವರೆ, ಆಗಲೇ ಚುರುಚುರು ಬಿಸಿಲು. ಗೆದ್ದವರು ವಿಭಾಗ ಮಟ್ಟಕ್ಕೆ ಬೆಳಗಾವಿಗೆ. ಮುಂದಿನ ಮೇ ತಿಂಗಳಿಗೆ ಸುಂದರವ್ವನ ನಿವೃತ್ತಿ, ಹಾಗಾಗಿ ಇದು ಅವಳ ಕೊನೆಯ ಫೈನಲ್. ಬೇಸುಗಳ ಕಡೆ ಅವಳು, ಬ್ಯಾಟಿಂಗ್ ಮಾಡುವವರ ಹಿಂದೆ ಇನ್ನೊಬ್ಬ ಅಂಪೈರ್, ಅವಳದೇ ಹಳೆಯ ವಿದ್ಯಾರ್ಥಿ ಕಲ್ಲೇಶ. ಈಗ ಅವನೂ ಪಿ.ಟಿ. ಮಾಸ್ತರ, ಮೀಸೆ ಬಂದಿದೆ, ಆದರೂ ಟೀಚರ್ ಎದುರು ಇವತ್ತಿಗೂ ಕೈ ಕಟ್ಟಿಯೇ ನಿಲ್ಲುತ್ತಾನೆ.

ಇಳಕಲ್ಲಿನ ಕೋಚು ಪ್ರೇಮಕುಮಾರ ಕೈಯಲ್ಲಿ ಚಹಾದ ಕಪ್ಪು ಹಿಡಿದುಕೊಂಡು ನಗುತ್ತ ಬಂದ.

"ಅಕ್ಕಾರ, ಚಾ ತಗೋರಿ. ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಅಮಸಿದ್ದಪ್ಪನ ಕೈ ಕಡೆ ಒಂದೀಟ ಲಕ್ಷ್ಯ ಇರಲಿ. ಸೆಮಿಫೈನಲ್‌ನಾಗ ಹುಡುಗ್ಯಾರನ್ನ ತಳ್ಳಿ ತಳ್ಳಿ ಓಡಿಸ್ಯಾನಂತ್ರಿ."

"ನೀವ ನೋಡೀರೇನ್ರಿ?"

"ನಾ ನೋಡಿಲ್ರಿ. ಮಂದಿ ಅಂತಾರ."

ಸುಂದರವ್ವ ಚಹಾ ಮುಟ್ಟಲಿಲ್ಲ. ಫೈನಲ್ ದಿನ ಕೋಚು ತಂದುಕೊಟ್ಟ ಚಹಾ ಕುಡಿಯುವಷ್ಟು ದಡ್ಡಿಯಲ್ಲ ಅವಳು. ಈತ ಚಾಡಿ ಹೇಳುವುದರ ಹಿಂದೆ ಏನೋ ಇದೆ ಎಂದುಕೊಂಡಳು. ಆದರೆ ಹಾಗೆಂದು ಚಾಡಿ ಸುಳ್ಳೇ ಆಗಬೇಕೆಂದೇನಿಲ್ಲ ಎಂದೂ ಅಂದುಕೊಂಡಳು. ಅನುಮಾನದ ಮಂದಿಗೆ ಇದೇ ಒಂದು ಶಾಪ ನೋಡಿ, ಹೇಳಿದವನನ್ನೂ ನಂಬುವುದಿಲ್ಲ, ಹೇಳಿದ್ದನ್ನು ಬಿಡುವುದೂ ಇಲ್ಲ.

ಅಷ್ಟರಲ್ಲಿ ಅಮಸಿದ್ದಪ್ಪನೇ ಬಂದ. ಬೀರಪ್ಪ ದೇವರ ಒಕ್ಕಲಿನವನು. ಪಂದ್ಯಕ್ಕೆ ಮೊದಲು ದೇವರಿಗೆ ಕೈ ಮುಗಿದು, ಅರಿಷಿಣದ ಭಂಡಾರವನ್ನು ಎಲ್ಲರ ಹಣೆಗೆ ಹಚ್ಚುವುದು ಅವನ ಪದ್ಧತಿ. ತನ್ನ ಹುಡುಗಿಯರಿಗೆ ಹಚ್ಚಿದ, ಇಳಕಲ್ಲಿನ ಹುಡುಗಿಯರಿಗೂ ಹಚ್ಚಿಕೊಳ್ಳಲು ಕೊಟ್ಟ, ಕಲ್ಲೇಶನಿಗೆ ಕೊಟ್ಟ. ಆಮೇಲೆ ಚೀಲಕ್ಕೆ ಕೈ ಹಾಕಿ ಸುಂದರವ್ವನ ಬಲ ಅಂಗೈಗೆ ಧಾರಾಳವಾಗಿ ಒಂದು ಹಿಡಿ ಹಾಕಿದ.

"ತಗೋರಿ ಅಕ್ಕಾರ. ಎಲ್ಲಾರಿಗೂ ಚಲೋ ಆಗಲಿ."

ಎಲ್ಲರಿಗೂ ಚಲೋ ಆಗುವುದೆಂದರೆ ಏನು? ಒಬ್ಬರು ಗೆಲ್ಲಬೇಕು, ಒಬ್ಬರು ಸೋಲಬೇಕು. ನನ್ನನ್ನು ದೇವರ ಕಡೆಯಿಂದ ಕಟ್ಟಿಹಾಕಲು ನೋಡುತ್ತಿದ್ದಾನೋ ಹೇಗೆ? ಹೀಗೆ ಯೋಚಿಸುತ್ತಲೇ ಹಣೆಗೆ ಚಿಟಿಕೆ ಹಚ್ಚಿಕೊಂಡಳು. ಉಳಿದದ್ದನ್ನು ಏನು ಮಾಡುವುದು? ಭಂಡಾರ, ನೆಲಕ್ಕೆ ಚೆಲ್ಲುವ ಹಾಗಿಲ್ಲ, ಇನ್ನೊಬ್ಬರ ಕಾಲಡಿಗೆ ಬೀಳುವ ಹಾಗಿಲ್ಲ. ಕೈಯಲ್ಲಿದ್ದ ಹಳೆಯ ಚೀಟಿಯೊಂದರಲ್ಲಿ ಮಡಿಚಿ ಪ್ಯಾಂಟಿನ ಬಲ ಜೇಬಿಗೆ ಹಾಕಿದಳು. ಅದೇ ಜೇಬಿನಲ್ಲಿ ಅವಳ ಕ್ಲಿಕ್ಕರ್ ಇತ್ತು. ಎಸೆತ ಎಣಿಸುವ ಪುಟ್ಟ ಯಂತ್ರ. ಬೇರೆ ಅಂಪೈರುಗಳು ಅದನ್ನು ಕೈಯಲ್ಲಿ ಹಿಡಿದು ಒತ್ತುತ್ತಾರೆ. ಸುಂದರವ್ವ ಜೇಬಿನೊಳಗೇ ಒತ್ತುವವಳು. ಹೊರಗೆ ಹಿಡಿದರೆ ಯಾರಾದರೂ ಇಣುಕಿ ನೋಡುತ್ತಾರೆಂಬ ಗುಮಾನಿ.

ಆಟ ಶುರುವಾಯಿತು. ಅಮಸಿದ್ದಪ್ಪ ಮೂರನೇ ಬೇಸಿನ ಪಕ್ಕ ಬಂದು ನಿಂತ, ಎರಡೂ ಕೈ ಬೆನ್ನ ಹಿಂದೆ. ಮೊದಲ ಇನಿಂಗ್ಸ್ ಮುಗಿಯಿತು, ಕೈ ಹಿಂದೆಯೇ. ನಾಲ್ಕು ಮುಗಿದವು, ಕೈ ಹಿಂದೆಯೇ. ಬೆವರು ಕಣ್ಣಿಗೆ ಇಳಿದರೆ ಭುಜಕ್ಕೆ ಉಜ್ಜಿಕೊಳ್ಳುತ್ತಿದ್ದ, ಕೈ ಮಾತ್ರ ಮುಂದಕ್ಕೆ ಬರುತ್ತಿರಲಿಲ್ಲ. ಅಯ್ಯ, ಏನೋ ಬಚ್ಚಿಟ್ಟುಕೊಂಡವನ ಹಾಗೆ ಯಾಕೆ ನಿಂತಿದ್ದಾನೆ ಈ ಮನುಷ್ಯ? ಬೆನ್ನ ಹಿಂದೆ ಬೆರಳಿನಿಂದ ಸನ್ನೆ ಮಾಡುತ್ತಿರಬಹುದೇ? ಸುಂದರವ್ವ ಇನಿಂಗ್ಸ್ ಮಧ್ಯೆ ಸುತ್ತು ಹಾಕಿ ಹಿಂದಿನಿಂದ ನೋಡಿ ಬಂದಳು. ಅವನ ಎರಡೂ ಕೈಗೆ ಹಳೆಯ ಟವೆಲ್ಲೊಂದು ಬಿಗಿಯಾಗಿ ಸುತ್ತಿಕೊಂಡಿತ್ತು. ಟವೆಲ್ ಯಾಕೆ? ಅದಕ್ಕೂ ಅವಳಿಗೆ ಉತ್ತರ ಸಿಗಲಿಲ್ಲ, ಉತ್ತರ ಸಿಗದ್ದು ಅವಳಿಗೆ ಎಂದೂ ಒಳ್ಳೆಯದಾಗಿ ಕಂಡದ್ದಿಲ್ಲ.

ಏಳನೆಯದು, ಕೊನೆಯ ಇನಿಂಗ್ಸ್. ಎರಡೂ ಕಡೆ ಆರಾರು ಓಟ. ಗುಡೂರಿನ ಬ್ಯಾಟಿಂಗ್, ಇಬ್ಬರು ಔಟ್. ಒಂದು ಓಟ ಬಂದರೆ ಗುಡೂರು ಗೆದ್ದಂತೆ, ಇನ್ನೊಬ್ಬಳು ಔಟಾದರೆ ಆಟ ಮುಂದಿನ ಇನಿಂಗ್ಸಿಗೆ. ಮೊದಲ ಬೇಸಿನಲ್ಲಿ ಭಾಗ್ಯಾ ನಿಂತಿದ್ದಳು. ಹತ್ತನೇ ತರಗತಿ, ಕುರಿ ಸಾಕುವವರ ಮನೆಯ ಹುಡುಗಿ, ತಂಡದಲ್ಲಿ ಎಲ್ಲರಿಗಿಂತ ಜೋರು ಓಟ. ಅವಳ ತಾಯಿ ಸಾವಂತ್ರವ್ವ ಮಗಳ ಆಟ ನೋಡಲು ಮೊದಲ ಸಲ ಬಂದು, ಬೇವಿನ ಮರದ ಕೆಳಗೆ ತಲೆ ಮೇಲೆ ಸೆರಗು ಹೊದ್ದು ಕೂತಿದ್ದಳು.

ಎಸೆತ ಬಿದ್ದದ್ದೇ ಭಾಗ್ಯಾ ಕಿತ್ತುಕೊಂಡು ಓಡಿದಳು. ಎರಡನೇ ಬೇಸಿಗೆ ಜಾರಿ, ಉರುಳಿ, ದೂಳೆಬ್ಬಿಸಿ ತಲುಪಿದಳು. ಸುಂದರವ್ವ ಎರಡೂ ಕೈ ಚಾಚಿ ಸೇಫ್ ಎಂದಳು. ಹುಡುಗಿಯ ಕಣ್ಣು, ಬಾಯಿ, ಬಿಳಿ ಅಂಗಿ ಎಲ್ಲ ಮಣ್ಣು. ಟೈಮ್ ಎಂದು ಆಟ ನಿಲ್ಲಿಸಿ, ತೋಳು ಹಿಡಿದು ಎಬ್ಬಿಸಿ, ಮೈಮೇಲಿನ ಮಣ್ಣು ಝಾಡಿಸಿದಳು. ಟೀಚರ್ ಆದವರ ಕೈ ಅದು, ಬಿದ್ದ ಮಗುವನ್ನು ಕಂಡರೆ ತಾನೇ ಹೋಗುತ್ತದೆ. ಆದರೆ ಕಣ್ಣು ಹುಡುಗಿಯ ಮೇಲಿರಲಿಲ್ಲ. ಅತ್ತ ಅಮಸಿದ್ದಪ್ಪ ಗಾಬರಿಯಿಂದ ಎರಡು ಹೆಜ್ಜೆ ಮುಂದಿಟ್ಟವನು ಗಕ್ಕನೆ ನಿಂತಿದ್ದ. ಯಾಕೆ ಬರುತ್ತಿದ್ದ? ಯಾಕೆ ನಿಂತ? ಹುಡುಗಿಗೆ ಏನು ಹೇಳುವುದಿತ್ತು? ಸುಂದರವ್ವ ಅವನನ್ನೇ ದಿಟ್ಟಿಸುತ್ತಿದ್ದಳು.

ಮುಂದಿನ ಎಸೆತಕ್ಕೆ ಬ್ಯಾಟು ಸರಿಯಾಗಿ ತಗುಲಿತು. ಚೆಂಡು ನೆಲಕ್ಕೆ ಪುಟಿಯುತ್ತ ಹೋಯಿತು, ಇಳಕಲ್ಲಿನ ಹುಡುಗಿ ಹಿಡಿದು ಮೊದಲ ಬೇಸಿಗೆ ಎಸೆದಳು. ಸುಂದರವ್ವ ಆ ಕಡೆ ತಿರುಗಲೇಬೇಕಾಯಿತು. ಅಲ್ಲಿಯವಳ ಗ್ಲೌಸಿನಿಂದ ಚೆಂಡು ಜಾರಿತು. ಸೇಫ್. ತಿರುಗಿ ನೋಡುವಷ್ಟರಲ್ಲಿ ಭಾಗ್ಯಾ ಮೂರನೇ ಬೇಸು ದಾಟಿ ಅಮಸಿದ್ದಪ್ಪನ ಮಗ್ಗುಲಲ್ಲೇ ಇದ್ದಳು. ಅವನ ಕೈಗಳು ಈಗ ಹಿಂದೆ ಇರಲಿಲ್ಲ. ಎರಡೂ ಮೇಲೆ, ಗಾಳಿಯಲ್ಲಿ. ಹುಡುಗಿ ಮುಗ್ಗರಿಸಿದಂತಾಗಿ ಮತ್ತೆ ಪುಟಿದೆದ್ದು ಮನೆಯ ಬೇಸಿಗೆ ಹಾರಿದಳು. ಕಲ್ಲೇಶ ಕೈ ಚಾಚಿ "ಸೇಫ್!" ಎಂದು ಕೂಗಿದ. ಗುಡೂರಿನ ಹುಡುಗಿಯರು ಕಿರುಚಿಕೊಂಡು ಮೈದಾನಕ್ಕೆ ನುಗ್ಗಿದರು.

ಸುಂದರವ್ವ ನೋಡುತ್ತಿದ್ದದ್ದು ಭಾಗ್ಯಾಳ ಬೆನ್ನನ್ನು. ಬಿಳಿ ಅಂಗಿಯ ನಟ್ಟ ನಡುವೆ, ದೂಳಿನ ಮೇಲೆ, ಒಂದು ಹಳದಿ ಕೈ ಎದ್ದು ಕಾಣುತ್ತಿತ್ತು. ಐದು ಬೆರಳು, ಅಂಗೈ, ಭಂಡಾರದ ಹಳದಿ.

ಸಿಕ್ಕ! ಕಡೆಗೂ ಸಿಕ್ಕ! ಎಳೆ ತಪ್ಪಿದ್ದು ಬೆನ್ನಿನಲ್ಲೇ ಸಿಕ್ಕಿತು. ಒಳಗೆ ಎದ್ದದ್ದು ಸಿಟ್ಟೋ ಸಂತೋಷವೋ ಅವಳಿಗೇ ತಿಳಿಯಲಿಲ್ಲ. ಸೀಟಿ ಊದಿ ಮುಷ್ಟಿ ಎತ್ತಿದಳು. ಕಿರುಬೆರಳು ಎದ್ದಿತು.

"ಔಟ್! ಕೋಚ್ ಕೈ ಹಚ್ಚ್ಯಾರ. ಓಟ ಇಲ್ಲ!"

ಮೈದಾನದಲ್ಲಿ ಗದ್ದಲ ಎದ್ದಿತು. ಅಮಸಿದ್ದಪ್ಪ ಟವೆಲ್ ಕೈಯಲ್ಲೇ ಹಿಡಿದು ಓಡಿ ಬಂದ.

"ಅಕ್ಕಾರ, ನಾ ಮುಟ್ಟಿಲ್ರಿ. ಓಡ ಓಡ ಅಂತ ಕೈ ಎತ್ತಿದ್ದು ಖರೆ. ಮುಟ್ಟಿಲ್ರಿ."

"ಕೈ ತೋರಸ್ರಿ."

ತೋರಿಸಿದ. ಎರಡೂ ಅಂಗೈ ಹಳದಿ.

"ಇದೇನ್ರಿ ಹಂಗಾದ್ರ?"

"ಭಂಡಾರ್ರಿ ಅಕ್ಕಾರ. ಇವತ್ತ ಯಾರ ಕೈ ಹಳದಿ ಇಲ್ಲ ಹೇಳ್ರಿ?"

ಪ್ರೇಮಕುಮಾರ ನಡುವೆ ಬಾಯಿ ಹಾಕಿದ. "ಭಂಡಾರ ಮುಟ್ಟಿ ಬೀರಪ್ಪನ ಆಣಿ ಮಾಡಲಿ ಹಂಗಾದ್ರ. ಮುಟ್ಟಿಲ್ಲಂತ ಆಣಿ ಮಾಡಿದ್ರ ನಾವ ಸೋತಿವಿ ಅಂತ ಮನೀಗೆ ಹೋಗ್ತೇವಿ."

ಎಲ್ಲರೂ ಅಮಸಿದ್ದಪ್ಪನ ಕಡೆ ನೋಡಿದರು. ಅವನ ಮುಖ ಕಪ್ಪಿಟ್ಟಿತು. "ಆಣಿ ಮಾಡಂಗಿಲ್ರಿ" ಎಂದ. "ಚೆಂಡಿನ ಆಟಕ್ಕ ನಮ್ಮ ಬೀರಪ್ಪನ್ನ ಎಳದ ತರಬಾರದು. ನಮ್ಮ ಮನ್ಯಾಗ ಯಾರೂ ಮಾಡಿಲ್ಲ, ನಾನೂ ಮಾಡೂದಿಲ್ಲ."

ನೋಡಿದಿರಾ, ಎಂದಿತು ಸುಂದರವ್ವನ ಮನಸ್ಸು. ಸಾಚಾ ಇದ್ದರೆ ಆಣೆಗೆ ಯಾಕೆ ಹೆದರಬೇಕು? ಅವಳು ಕಲ್ಲೇಶನನ್ನು ಕರೆದಳು. ಅವನು ಒಂದು ಸಲ ಅವಳ ಮುಖ ನೋಡಿದ, ಒಂದು ಸಲ ಹುಡುಗಿಯ ಬೆನ್ನು ನೋಡಿದ, ತುಟಿ ಒದ್ದೆ ಮಾಡಿಕೊಂಡ. "ನಾ ಚೆಂಡ ನೋಡ್ತಿದ್ದೆ ಟೀಚರ್" ಎಂದ. ಕೊನೆಗೆ ಭಾಗ್ಯಾಳನ್ನು ಎದುರು ನಿಲ್ಲಿಸಿಕೊಂಡಳು.

"ಖರೆ ಹೇಳವಾ. ನಿನ್ನ ಬೆನ್ನ ಯಾರ ಮುಟ್ಟ್ಯಾರ?"

ಹುಡುಗಿ ತಲೆ ತಗ್ಗಿಸಿ ನಿಂತಳು. ಗಲ್ಲದ ಮೇಲಿನ ಮಣ್ಣು ತೋಯಿಸಿ ಕಣ್ಣೀರು ಇಳಿಯುತ್ತಿತ್ತು.

"ಸರ್ ಮುಟ್ಟಿಲ್ರಿ" ಎಂದಳು.

"ಮತ್ಯಾರು?"

ಭಾಗ್ಯಾ ತುಟಿ ಕಚ್ಚಿಕೊಂಡಳು. ಬಾಯಿ ಬಿಡಲಿಲ್ಲ. ಸಾಕಲ್ಲ, ಇನ್ನೇನು ಬೇಕು? ಮಾಸ್ತರನನ್ನು ಉಳಿಸಲು ಹುಡುಗಿ ಸುಳ್ಳು ಹೇಳುತ್ತಿದೆ, ಮುಂದಿನ ಸುಳ್ಳು ಹೊಳೆಯದೆ ನಿಂತಿದೆ ಎಂದು ತೀರ್ಮಾನಿಸಿದ ಸುಂದರವ್ವ, ಹತ್ತು ನಿಮಿಷ ನೀರು ಕುಡಿಯಲು ಬಿಟ್ಟು ಮುಂದಿನ ಇನಿಂಗ್ಸ್ ಆಡಿಸುವುದಾಗಿ ಸಾರಿಬಿಟ್ಟಳು.

ಎಲ್ಲರೂ ನೆರಳಿಗೆ ಸರಿದ ಮೇಲೆ ಅಮಸಿದ್ದಪ್ಪ ಒಬ್ಬನೇ ಬಂದ. ದನಿ ತಗ್ಗಿಸಿ ಮಾತಾಡಿದ.

"ಅಕ್ಕಾರ, ಆಟ ಹೋಗಲಿ, ನಾಳೆ ಮತ್ತ ಬರತೈತಿ. ನಿಮಗ ಒಂದ ಮಾತ ತಿಳೀಬೇಕು. ಈ ಸುದ್ದಿ ಗುಡೂರಿಗೆ ಹೋಗೂವಾಗ ಸಾಫ್ಟ್‌ಬಾಲಿನ ಸುದ್ದಿ ಆಗಿ ಹೋಗಂಗಿಲ್ರಿ. ಸರ್ ಹುಡುಗಿ ಮೈಗೆ ಕೈ ಹಚ್ಚಿದ್ರಂತ, ಅಂಪೈರ್ ಬಾಯಿಲೇ ಕೇಳಿದ್ವಿ ಅಂತ ಹೋಗತೈತಿ. ಒಬ್ಬ ತಾಯೀನೂ ನಾಳಿಯಿಂದ ಮಗಳನ್ನ ಗ್ರೌಂಡಿಗೆ ಕಳಸೂದಿಲ್ಲ. ಆಕಿ ಅವ್ವ ಅಕಾ ಅಲ್ಲಿ ಕುಂತಾಳ ನೋಡ್ರಿ. ಆಗಲೇ ಚೀಲ ಕಟ್ಟಾಕತ್ತಾಳ."

ಸಾವಂತ್ರವ್ವ ನಿಜವಾಗಿಯೂ ಎದ್ದು ನಿಂತಿದ್ದಳು. ಮಗಳ ಬ್ಯಾಗು ಅವಳ ಹೆಗಲ ಮೇಲಿತ್ತು.

"ಇಷ್ಟ ಕಾಳಜಿ ಇದ್ದವ್ರು ಕೈ ಯಾಕ ಬೆನ್ನ ಹಿಂದ ಮುಚ್ಚಿಟಗೊಂಡ ನಿಂತಿದ್ರಿ?"

ಅಮಸಿದ್ದಪ್ಪನಿಗೆ ನಗು ಬಂತೋ ಅಳು ಬಂತೋ. "ಹೋದ ವರ್ಸ ನೀವ ಔಟ್ ಕೊಟ್ಟಿರಲ್ರಿ. ಆವತ್ತ ಗೊತ್ತಾತು, ನನ್ನ ಕೈ ನನ್ನ ಮಾತ ಕೇಳೂದಿಲ್ಲ, ಹುಡುಗ್ಯಾರ ಬೀಳೂ ಮುಂದ ತಾನ ಮುಂದ ಹೋಗತೈತಿ ಅಂತ. ಅದಕ್ಕ ಟವೆಲ್ ಸುತ್ತಿ ಹಿಂದ ಹಿಡಕೊಂಡ ನಿಂದರತೇನಿ. ವರ್ಸಿನಿಂದ ಹಿಂಗ ಐತ್ರಿ. ನಿಮ್ಮ ಮಾತ ಕೇಳೇ ಹಿಂಗ ಮಾಡೇನಿ."

ಹೇಳಿ ಹೋದ. ಕಥೆ ಚೆನ್ನಾಗಿ ಹೊಲಿದಿದ್ದಾನೆ, ಎಂದುಕೊಂಡಳು ಸುಂದರವ್ವ. ಆದರೆ ಈ ಸಲ ಆ ಮಾತು ಒಳಗೆ ಸರಿಯಾಗಿ ಕೂರಲಿಲ್ಲ. ಇರಲಿ, ನಿಯಮ ನಿಯಮವೇ ಎಂದು, ಹೊಸ ಇನಿಂಗ್ಸಿಗೆ ಕ್ಲಿಕ್ಕರನ್ನು ಸೊನ್ನೆ ಮಾಡಲು ಜೇಬಿನಿಂದ ಹೊರಗೆ ತೆಗೆದಳು.

ಕ್ಲಿಕ್ಕರ್ ಹಳದಿಯಾಗಿತ್ತು. ಚೀಟಿ ಬಿಚ್ಚಿ ಜೇಬೆಲ್ಲ ಭಂಡಾರ ಚೆಲ್ಲಿಕೊಂಡಿತ್ತು. ಅವಳ ಬಲ ಅಂಗೈ, ಬೆರಳ ಸಂದು, ಉಗುರಿನ ಬುಡ ಎಲ್ಲ ಬೆವರಿಗೆ ಕಲೆಸಿದ ಹಳದಿ. ಏಳು ಇನಿಂಗ್ಸ್ ಆ ಕೈ ಜೇಬಿಗೆ ಹೋಗಿ ಬಂದಿತ್ತು.

ಸುಂದರವ್ವ ನಿಂತಲ್ಲೇ ನಿಂತಳು. ಎರಡನೇ ಬೇಸು. ದೂಳು. ಟೈಮ್. ತೋಳು ಹಿಡಿದು ಎಬ್ಬಿಸಿದ್ದು. ಝಾಡಿಸಿದ್ದು. ಎಲ್ಲಿ ಝಾಡಿಸಿದೆ? ಯವ್ವಾ, ಎಲ್ಲಿ ಝಾಡಿಸಿದೆ ನಾನು? ನೆನಪಾಗಲಿಲ್ಲ. ಕಣ್ಣು ಅಮಸಿದ್ದಪ್ಪನ ಮೇಲಿತ್ತಲ್ಲ, ಕೈ ಎಲ್ಲಿ ಹೋಯಿತೆಂದು ನೋಡಿದವರಾರು?

ಮೈದಾನದ ಮೂಲೆಯಲ್ಲಿ ನಳ ಇತ್ತು. ಕಾಲುಗಳು ಅವಳನ್ನು ಅಲ್ಲಿಗೆ ಒಯ್ದವು. ತಿರುವಿದಳು, ನೀರು ಸುರಿಯಿತು. ಕೈ ಇನ್ನೂ ನೀರಿಗೆ ಒಡ್ಡಿರಲಿಲ್ಲ, ಹಿಂದಿನಿಂದ ಪ್ರೇಮಕುಮಾರ ಬಂದ. ಅವಳ ಅಂಗೈ ನೋಡಿದ. ಭಾಗ್ಯಾ ಇದ್ದ ಕಡೆ ನೋಡಿದ. ಮತ್ತೆ ಅಂಗೈ ನೋಡಿದ. ಜಾಣ, ಅರೆಕ್ಷಣದಲ್ಲಿ ಲೆಕ್ಕ ಹತ್ತಿತು ಅವನಿಗೆ.

"ತೊಳಕೊಳ್ರಿ ಅಕ್ಕಾರ, ಲಗೂನ ತೊಳಕೊಳ್ರಿ" ಎಂದ ಮೆಲ್ಲಗೆ. "ಯಾರೂ ನೋಡಿಲ್ಲ. ಕೊಟ್ಟದ್ದು ಕೊಟ್ಟಾತು. ನಿಮ್ಮ ತೀರ್ಪು ಯಾವತ್ತಾದ್ರೂ ಹಿಂದ ಸರದೈತೇನು?"

ಇಪ್ಪತ್ತಾರು ವರ್ಷದಲ್ಲಿ ಸರಿದಿರಲಿಲ್ಲ, ಖರೆ. ಈ ಒಂದು ಇನಿಂಗ್ಸ್ ಮುಗಿದರೆ ಆ ಹೆಸರು ಹಾಗೇ ಮನೆಗೆ ಬರುತ್ತದೆ. ಸುಂದರವ್ವ ಸುರಿಯುವ ನೀರನ್ನು ನೋಡುತ್ತ ನಿಂತಳು. ಹಾಗೆ ನಿಂತವಳಿಗೆ ಅವಳದೇ ದನಿ ಒಳಗಿನಿಂದ ಕೇಳಿತು, ಹಾಲಿನವನನ್ನು, ಕಂಡಕ್ಟರನನ್ನು, ದುರ್ಗಪ್ಪನನ್ನು ಕೇಳುವ ಅದೇ ಗಡಸು ದನಿ. ಸುಂದರವ್ವಾ, ನೀ ನಳದ ಹತ್ತಿರ ಯಾಕೆ ಬಂದಿ? ನಿನಗೆ ನೀರಡಿಕೆ ಆಗಿತ್ತೇನು? ಆಗಿರಲಿಲ್ಲ. ಮತ್ತೆ ಯಾಕೆ ಬಂದಿ? ಜಗತ್ತಿನಲ್ಲಿ ಎಲ್ಲರನ್ನೂ ತಿರುವಿ ಹಾಕಿ ನೋಡಿದ್ದ ಹೆಂಗಸು ತನ್ನನ್ನು ಮಾತ್ರ ಬಿಟ್ಟಿದ್ದಳು, ಈಗ ಬಿಡಲಾಗಲಿಲ್ಲ. ನಾಚಿಕೆಯಿಂದ ಕಿವಿ ಸುಟ್ಟಂತಾಯಿತು.

ನಳ ಬಂದ್ ಮಾಡಿದಳು.

"ನೀವ ಹೋಗ್ರಿ ನಿಮ್ಮ ತಂಡದ ಕಡೆ" ಎಂದಳು ಪ್ರೇಮಕುಮಾರನಿಗೆ.

ನೇರ ಬೇವಿನ ಮರದ ಹತ್ತಿರ ಹೋದಳು. ಸಾವಂತ್ರವ್ವ ಮಗಳ ಕೈ ಹಿಡಿದು ಹೊರಟು ನಿಂತಿದ್ದಳು. ಹುಡುಗಿಯರು ಗುಂಪಾಗಿ ನೋಡುತ್ತಿದ್ದರು. "ಒಂದ ನಿಮಿಷ ನಿಂದರ್ರಿ ಯವ್ವಾ" ಎಂದು ತಾಯಿಗೆ ಹೇಳಿ, "ತಿರುಗಿ ನಿಂದರ ಭಾಗ್ಯಾ" ಎಂದಳು.

ಹುಡುಗಿ ತಿರುಗಿದಳು. ಸುಂದರವ್ವ ತನ್ನ ಬಲಗೈಯನ್ನು ಅವಳ ಬೆನ್ನ ಹತ್ತಿರ, ಆ ಹಳದಿ ಗುರುತಿನ ಮೇಲೆ ಹಿಡಿದಳು. ಹೆಬ್ಬೆರಳಿಗೆ ಹೆಬ್ಬೆರಳು, ನಡುಬೆರಳಿಗೆ ನಡುಬೆರಳು. ಗುರುತಿನ ಕಿರುಬೆರಳು ಉಳಿದವುಗಳ ಜೊತೆಗಿರಲಿಲ್ಲ, ಸೊಟ್ಟಗೆ ಹೊರಗೆ ಚಾಚಿತ್ತು. ಅವಳ ಕಿರುಬೆರಳು ಅದರ ಮೇಲೆ ಸರಿಯಾಗಿ ಕೂತಿತು.

ಗುಂಪಿನಲ್ಲಿ ಯಾರೋ "ಅಯ್ಯಯ್ಯ!" ಎಂದರು.

"ನಾ ಝಾಡಿಸಿದ್ದು ನಿನಗ ಗೊತ್ತಿತ್ತೇನವಾ?"

"ಗೊತ್ತಿತ್ರಿ ಟೀಚರ್."

"ಮತ್ತ ಬಾಯಿ ಯಾಕ ಬಿಡಲಿಲ್ಲ?"

ಭಾಗ್ಯಾ ಈ ಕಡೆ ತಿರುಗಿದಳು. "ನೀವು ಪಾಪ, ನಾ ಬಿದ್ದೇನಂತ ಎಬ್ಬಿಸಿದ್ರಿ. ಚಲೋ ಮಾಡಿದವ್ರ ಹೆಸರ ತಪ್ಪಿನಾಗ ಹೆಂಗ ಹೇಳೂದ್ರಿ?"

ಆ ಮಾತು ಸುಂದರವ್ವನ ಎದೆಗೆ ನಾಟಿತು. ಹದಿನಾರು ವರ್ಷದ ಹುಡುಗಿ ಅವಳ ಹೆಸರು ಕಾಯ್ದಿದ್ದಳು, ಅವಳು ಆ ಹುಡುಗಿಯನ್ನು ಸುಳ್ಳುಗಾತಿ ಎಂದು ತೀರ್ಮಾನಿಸಿಬಿಟ್ಟಿದ್ದಳು. ಕಣ್ಣು ಮಂಜಾಯಿತು. ಒರೆಸಿಕೊಳ್ಳಲು ಕೈ ಎತ್ತಿ, ಹಳದಿ ನೋಡಿ, ಇಳಿಸಿದಳು.

ದೂರದಲ್ಲಿ ಕಲ್ಲೇಶ ಕೈ ಕಟ್ಟಿಕೊಂಡು ನಿಂತಿದ್ದ. "ನಾ ಝಾಡಿಸಿದ್ದು ನೀನೂ ನೋಡಿದ್ದಿ, ಹೌದಿಲ್ಲೋ?" ಎಂದು ಕೂಗಿ ಕೇಳಿದಳು. ಅವನು ನೆಲ ನೋಡುತ್ತ, "ಹೌದ್ರಿ ಟೀಚರ್. ನಿಮಗ ಹೇಳಾಕ ಧೈರ್ಯ ಸಾಲಲಿಲ್ಲ" ಎಂದ. ಅವನನ್ನು ಬೈಯಲು ಅವಳಿಗೆ ಮುಖ ಇರಲಿಲ್ಲ. ಇಷ್ಟು ವರ್ಷ ಎಲ್ಲರನ್ನೂ ಹೆದರಿಸಿಟ್ಟವಳು ತಾನೇ.

ಸುಂದರವ್ವ ಮೈದಾನದ ನಡುವೆ ಹೋಗಿ ಸೀಟಿ ಊದಿದಳು. ಎರಡೂ ತಂಡ ಬಂದು ನಿಂತವು. ಸಾವಂತ್ರವ್ವ ಬ್ಯಾಗು ಹೆಗಲಿನಿಂದ ಇಳಿಸದೆ, ಆದರೆ ಹೋಗದೆ, ನಿಂತಲ್ಲೇ ನೋಡುತ್ತಿದ್ದಳು. ಅವಳಿಗೂ ಕೇಳುವಂತೆ ಸುಂದರವ್ವ ಗಟ್ಟಿ ದನಿಯಲ್ಲಿ ಹೇಳಿದಳು.

"ಮುಂದಿನ ಎಸೆತ ಬೀಳೂತನ ಅಂಪೈರ್ ತನ್ನ ತಪ್ಪ ತಾನ ತಿದ್ದಬಹುದು. ಹುಡುಗಿ ಬೆನ್ನ ಮ್ಯಾಲಿನ ಕೈ ಅಮಸಿದ್ದಪ್ಪ ಸರ್‌ದಲ್ಲ. ನಂದು. ಆಟ ನಿಂತಾಗ ನಾನ ಆಕಿ ಮಣ್ಣ ಝಾಡಿಸೇನಿ. ಸರ್ ಆಕಿನ್ನ ಮುಟ್ಟಿಲ್ಲ. ನಾ ಸುಳ್ಳ ಆರೋಪ ಮಾಡಿದೆ. ಎಲ್ಲಾರೂ ಕೇಳಿದ್ರಿಲ್ಲೋ?"

ಆಮೇಲೆ ಎರಡೂ ತೋಳನ್ನು ಅಗಲಕ್ಕೆ ಚಾಚಿದಳು. "ಸೇಫ್!" ಬಲ ಅಂಗೈಯ ಹಳದಿ ಬಿಸಿಲಿಗೆ ಎಲ್ಲರಿಗೂ ಕಂಡಿತು. ಅವಳು ಮುಚ್ಚಿಕೊಳ್ಳಲಿಲ್ಲ.

ಗುಡೂರಿನ ಹುಡುಗಿಯರ ಕೂಗಿಗೆ ಮರದ ಮೇಲಿನ ಹಕ್ಕಿಗಳೆಲ್ಲ ಎದ್ದವು. ಸಾವಂತ್ರವ್ವ ಬ್ಯಾಗನ್ನು ಮೆಲ್ಲಗೆ ಕೆಳಗಿಟ್ಟು ಮತ್ತೆ ನೆರಳಿಗೆ ಕೂತಳು. ಭಾಗ್ಯಾ ಓಡಿ ಬಂದು ತನ್ನ ಸರ್ ಎದುರು ನಿಂತಳು, ನಗುತ್ತ, ಅಳುತ್ತ. ಅಮಸಿದ್ದಪ್ಪ ಶಾಬಾಸ್ ಎಂದು ಅವಳ ತಲೆ ಮುಟ್ಟಲು ಕೈ ಎತ್ತಿದವನು ಹಾಗೇ ಗಾಳಿಯಲ್ಲಿ ಹಿಡಿದು, ಅಂಪೈರ್ ಕಡೆ ತಿರುಗಿ ನೋಡಿದ.

"ಮುಟ್ರಿ ಸರ್" ಎಂದಳು ಸುಂದರವ್ವ. "ಆಟ ಮುಗದೈತಿ."